ಕಾಕಾನ ಲಿವರು, ಮಂದಿಯ ಔಷಧ

ಎದೆಯ ಕುಳಿಯಿಂದ ಕೆಳಗಿಳಿದು ಬಲಗಡೆಗೆ ಕುಡುಗೋಲಿನಂತೆ ತಿರುಗಿದ ಹೊಲಿಗೆಯ ಗುರುತು ಕಾಕಾನ ಹೊಟ್ಟೆಯ ಮೇಲಿತ್ತು. ಹಿರೇಕೆರೂರಿನ ಮನೆಗೆ ಮಾತಾಡಿಸಲು ಯಾರೇ ಬರಲಿ, ಬನಿಯನ್ ಎತ್ತಿ ತೋರಿಸುತ್ತಿದ್ದ. "ಅರ್ಧಾ ಲಿವರ್ ಕೊಯ್ದು ಒಗದಾರ ನೋಡ್ರಿ. ಉಳಿದದ್ದು ತಾನ ಬೆಳೀತೈತಂತ!" ಹೊಸ ಮನೆ ಕಟ್ಟಿಸಿದವರು ಪಡಸಾಲೆ ತೋರಿಸುವಾಗಿನ ಹಿಗ್ಗು ಆ ಮುಖದಲ್ಲಿರುತ್ತಿತ್ತು.

ಕಾಕಾ ಎಂದರೆ ಅಪ್ಪನ ತಮ್ಮ, ಬೋರಿನ ಮೋಟರು ರಿಪೇರಿ ಮಾಡುವವ. ಅವನ ಬಾಯಿಂದ ಹೊರಡದ ಒಂದೇ ಮಾತೆಂದರೆ "ಬ್ಯಾಡ". ನನಗೆ ವರ ನೋಡಲು ಹತ್ತಿಮತ್ತೂರಿಗೆ ಹೋದವ, ಗುರುತಿನವರು ಕರೆದರೆಂದು ಎರಡು ಮನೆಯಲ್ಲಿ ಊಟ ಮುಗಿಸಿ, ವರನ ಮನೆಯಲ್ಲಿ ಮತ್ತೆ ಹೋಳಿಗೆ ತಿಂದಿದ್ದ. ಮರಳಿ ಬರುವಾಗ ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕಿಯೇ ಬಂದನಂತೆ. ಕಾಕಿ ಬೈದರೆ, "ಬ್ಯಾಡ ಅಂದ್ರ ಅವರ ಮಾರಿ ಸಣ್ಣ ಆಗ್ತೈತಿ" ಎಂದ. ಪಿಯುಸಿ ಆದಮೇಲೆ ಓದಿದ್ದು ಸಾಕೆಂದು ಮನೆಯವರೆಲ್ಲ ಹಟ ಹಿಡಿದಾಗ ನಾನು ಅತ್ತದ್ದು ಇವನ ಮುಂದೆಯೇ. ನನಗೂ ಬೇಡವೆನ್ನಲು ಅವನಿಂದಾಗಲಿಲ್ಲ, ಹಾವೇರಿಯ ಕಾಲೇಜಿಗೆ ಹೆಸರು ಹಚ್ಚಿಸಿ ಬಂದ. ನಾನಿಂದು ಶಿಕ್ಷಕಿಯಾಗಿ ಉಣ್ಣುತ್ತಿರುವುದು ಆ ಗುಣದ ಅನ್ನವನ್ನೇ. ಆದರೂ ಹೇಳುತ್ತೇನೆ, ಅಂಥ ಗುಣ ಯಾರಿಗೂ ಬೇಡ.

ಲಿವರಿನಲ್ಲಿ ಗಡ್ಡೆಯೆಂದು ಗೊತ್ತಾದಾಗ ಹುಬ್ಬಳ್ಳಿಗೆ ಕರೆದೊಯ್ದವಳು ನಾನು. ಆಪರೇಷನ್ ಆದಮೇಲೆ, ಮೊಬೈಲಿನಲ್ಲಿ ನೋಡಿದ್ದ ಸ್ಟೆಮ್ ಸೆಲ್ ಚಿಕಿತ್ಸೆಯ ಬಗ್ಗೆ ಡಾಕ್ಟರರನ್ನು ಕೇಳಿದೆ.

"ಅದರ ಪ್ರಯೋಗ ಇನ್ನೂ ನಡದಾವ್ರಿ. ಇವರಿಗೆ ಅದರ ಜರೂರಿಲ್ಲ. ಲಿವರ್ ತನ್ನಷ್ಟಕ್ಕ ತಾನ ಬೆಳೀತೈತಿ, ಅದಕ್ಕ ಹೆಚ್ಚಿನ ಕೆಲಸ ಹಚ್ಚಬ್ಯಾಡ್ರಿ. ನಾವು ಬರದ ಗುಳಿಗಿ ಬಿಟ್ಟು ಒಂದು ಸೊಪ್ಪು, ಒಂದು ಪುಡಿ ಹೊಟ್ಟಿಗೆ ಹೋಗಬಾರದು."

ದೇಹ ತಾನೇ ಮಾಡಿಕೊಳ್ಳುವ ಕೆಲಸ. ನಾವು ಸುಮ್ಮನಿದ್ದರೆ ಸಾಕಿತ್ತು.

ಸುಮ್ಮನಿರುವ ಮಂದಿ ನಮ್ಮ ಕಡೆ ಎಲ್ಲಿದ್ದಾರೆ? ರೋಗಿಯನ್ನು ನೋಡಲು ಬರಿಗೈಯಲ್ಲಿ ಬರಬಾರದಲ್ಲ! ಕಾಮಾಲೆಯೇ ಇಲ್ಲದವನಿಗೆ ಹಂಸಭಾವಿಯಿಂದ ಕಾಮಾಲೆಯ ಸೊಪ್ಪಿನ ರಸ ಬಂತು. ಸವಣೂರಿನ ಬೀಗರು, ಅಂದರೆ ಕಾಕಾನ ಮಗಳ ಮಾವ, ಹೊಳೆಯುವ ಡಬ್ಬಿಯಲ್ಲಿ ಸ್ಟೆಮ್ ಸೆಲ್ ಪುಡಿ ಎಂಬುದೊಂದನ್ನು ತಂದರು. ಅದನ್ನು ಸರಪಳಿ ಮಾರಾಟದಲ್ಲಿ ಹಂಚುವ ಕಂಪನಿಗೆ ಅವರು ಹೊಸದಾಗಿ ಸೇರಿದ್ದರು. "ಲಿವರ್ ಲಗೂನ ಚಿಗೀತೈತ್ರಿ ಬೀಗರ" ಎಂದರು. ನಾನು ರಟ್ಟಿನ ಮೇಲೆ "ದಯವಿಟ್ಟು ಔಷಧ ತರಬೇಡಿ" ಎಂದು ಬರೆದು ಬಾಗಿಲಿಗೆ ತೂಗುಹಾಕಿದೆ. ಬೀಗರು ಮತ್ತೆ ಬರುವ ದಿನ ಕಾಕಾ ಅದನ್ನು ಹಿಂದುಮುಂದಾಗಿ ತಿರುವಿ ಹಾಕಿದ್ದ.

"ಕಾಕಾ, ಇಸ್ಕೋ ಬೇಕಾದ್ರ. ಆದ್ರ ಕುಡೀಬ್ಯಾಡ. ಗಟಾರಕ್ಕ ಚೆಲ್ಲು!" ಎಂದು ಚೀರಿದೆ.

"ಎದುರಿಗೆ ಕುಂತಿರ್ತಾರವ್ವಾ. ಕುಡಿಯೂತನಾ ಮಾರಿ ನೋಡ್ತಾರ. ಪಾಪ, ಪ್ರೀತೀಲೆ ತಂದಾರ."

ಮುಂದಿನ ಸ್ಕ್ಯಾನಿನಲ್ಲಿ ಡಾಕ್ಟರು ತೋರಿಸಿದರು: ಲಿವರ್ ಬೆಳೆಯುತ್ತಿತ್ತು. ನಿಜವಾಗಿಯೂ ಬೆಳೆಯುತ್ತಿತ್ತು! ನಾನು ಅಲ್ಲಿಯೇ ಅತ್ತುಬಿಟ್ಟೆ. ಊರಿಗೆ ಬಂದ ಕಾಕಾ ಸಿಕ್ಕವರಿಗೆಲ್ಲ ಅದನ್ನು ಹೇಳಿದ. ಎಲ್ಲರೂ ಅದು ತಮ್ಮ ತಮ್ಮ ಔಷಧದ ಗುಣವೆಂದು ಇನ್ನಷ್ಟು ತಂದುಕೊಟ್ಟರು.

ಶ್ರಾವಣದ ಹೊತ್ತಿಗೆ ಅವನ ಕಣ್ಣು ಹಳದಿಯಾದವು, ಹೊಟ್ಟೆ ಉಬ್ಬಿತು. ಮತ್ತೆ ಹುಬ್ಬಳ್ಳಿಗೆ ಕರೆದೊಯ್ದೆ. ನಾನು ಮೇಜಿನ ಮೇಲಿಟ್ಟ ರಸದ ಬಾಟಲಿ, ಪುಡಿಯ ಡಬ್ಬಿ ನೋಡಿ ಡಾಕ್ಟರು ಕನ್ನಡಕ ತೆಗೆದಿಟ್ಟರು. "ಎಳೇ ಲಿವರ್‍ರೀ ಅದು. ಇಷ್ಟೆಲ್ಲಾ ಹ್ಯಾಂಗ ತಡಕೋಬೇಕು?"

ಹಾಸಿಗೆಯಲ್ಲಿದ್ದ ಕಾಕಾ ಅದನ್ನು ಕೇಳಿಸಿಕೊಂಡಿದ್ದ. ನನ್ನ ಕೈ ಹಿಡಿದು, "ಬೀಗರಿಗೆ ಇದನ್ನ ಹೇಳಬ್ಯಾಡವಾ. ಮನಸ್ಸಿಗೆ ಹಚ್ಚಿಕೊಂತಾರ" ಎಂದ. ಸಿಟ್ಟಿಗೆ ಕೈ ಬಿಡಿಸಿಕೊಂಡೆ. ಇನ್ನೊಬ್ಬರ ಮನಸ್ಸು ಕಾಯಲು ಹೊರಟ ಈ ಮನುಷ್ಯನಿಗೆ ನಾವು, ಅವನ ಮನೆಯವರು, ಕಾಣಿಸಲೇ ಇಲ್ಲವೇ? ಆ ವಾರವೇ ಹೋದ.

ಮಣ್ಣು ಮುಗಿಸಿ ಬಂದ ಮೇಲೆ ಬೀಗರು ನನ್ನ ಹತ್ತಿರ ಬಂದು ಕುಳಿತರು. ಟವೆಲಿನಿಂದ ಕಣ್ಣೊರೆಸಿಕೊಂಡರು, ಆ ಅಳು ಸುಳ್ಳಾಗಿರಲಿಲ್ಲ.

"ಒಂದು ತಿಂಗಳ ಮೊದಲ ಪುಡಿ ಚಾಲೂ ಮಾಡಿದ್ದರ ಉಳೀತಿದ್ರು ನೋಡವಾ" ಎಂದರು.

ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅವರ ಮುಖ ನೋಡಿದೆ.

"ಹೌದ್ರಿ" ಎಂದೆ.