ತಾರ್ಲೆ ಎಣ್ಣೆಯ ಬೈಕು

ಬೈಕು ನನಗೆ ಸಿಕ್ಕಿದ್ದೇ ಜಗಳ ಮಾಡಿ. ಅಪ್ಪನ ದಿನಕಾರ್ಯದ ಊಟ ಮುಗಿದು, ನೆಂಟರೆಲ್ಲ ಬಸ್ಸು ಹತ್ತಿದ ಮೇಲೆ, ಬಾಳೆಗುಳಿಯ ಅಣ್ಣನ ಮನೆ ಅಂಗಳದಲ್ಲಿ ನಿಂತು ನಾನು ಅದನ್ನು ಕೇಳಿದೆ. ಹಿತ್ತಿಲ ಮಾಡಿನ ಕೆಳಗೆ ಅದು ಟಾರ್ಪಾಲು ಹೊದ್ದು ನಿಂತಿತ್ತು. ಸೀಟಿನ ಮೇಲೆ ಒಂದು ಕೋಳಿ ಕಾವಿಗೆ ಕೂತಿತ್ತು. ಅಣ್ಣ ನಕ್ಕ.

"ನೀನಾ? ಸ್ಕೂಟಿ ಸ್ಟ್ಯಾಂಡ್ ಹಾಕೂಕೇ ಯಾರನ್ನಾದ್ರೂ ಕರೀತಿ ನೀನು."

ಅಣ್ಣನಿಗೂ ನನಗೂ ಚಿಕ್ಕಂದಿನಿಂದ ಎಣ್ಣೆ ಸೀಗೆಕಾಯಿ. ಅಪ್ಪನ ಜಾಗ, ಅಪ್ಪನ ಮೀನಿನ ವ್ಯಾಪಾರ, ಅಪ್ಪನ ಕೈಗಡಿಯಾರ ಎಲ್ಲ ಅವನಿಗೇ ಹೋದಾಗ ನಾನು ಬಾಯಿ ತೆಗೆದಿರಲಿಲ್ಲ. ಬೈಕಿನ ಮಾತು ಬೇರೆ. ಚೆಂಡಿಯಾದ ನಮ್ಮ ಮನೆ, ತೆಂಗು, ದೋಣಿ ಎಳೆಯುವ ದಡ ಎಲ್ಲ ನೌಕಾನೆಲೆಗೆ ಹೋದಾಗ, ಅಲ್ಲಿಂದ ನಮ್ಮ ಜೊತೆ ಬಂದದ್ದರಲ್ಲಿ ಇವತ್ತಿಗೂ ಉಳಿದಿರುವುದು ಆ ಬೈಕೊಂದೇ. ಮನೆ ಬಿಟ್ಟ ದಿನ ಅಪ್ಪ ನನ್ನನ್ನು ಮುಂದೆ ಟ್ಯಾಂಕಿನ ಮೇಲೆ, ಅಣ್ಣನನ್ನು ಹಿಂದೆ ಕೂರಿಸಿಕೊಂಡು ಹೊರಟಿದ್ದ. ಆಮೇಲೆ ವರ್ಷಗಟ್ಟಲೆ ಅದರ ಮೇಲೆಯೇ ಕಾರವಾರದ ಬಂದರಿನಿಂದ ಮೀನಿನ ಪೆಟ್ಟಿಗೆ ಹೊತ್ತ. ಮೊಣಕಾಲು ಸೋತ ಮೇಲೆ ಬೈಕೂ ನಿಂತಿತು. ಅಂಥದ್ದರ ಮೇಲೆ ಕೋಳಿ ಕೂರಿಸಿದವನ ಹತ್ತಿರ ನಾನು ಅದನ್ನು ಬಿಟ್ಟು ಹೋಗುವವಳಲ್ಲ.

ಕೂಗಾಟ ಬೀದಿಗೆ ಕೇಳುವಷ್ಟಾದಾಗ ಅಣ್ಣ ಷರತ್ತು ಹಾಕಿದ. "ಅಪ್ಪ ಹೋಗಿ ವರ್ಷ ತುಂಬೂ ದಿನ, ವರ್ಷಾಂತಕ್ಕೆ, ನಿನ್ನ ಹಬ್ಬುವಾಡದಿಂದ ಇಲ್ಲೀವರೆಗೆ ನೀನೇ ಓಡಿಸ್ಕಂಡು ಬಾ. ಟೆಂಪೋಕ್ಕೆ ಹಾಕೂಕಿಲ್ಲ, ಯಾರೂ ನೂಕೂಕಿಲ್ಲ. ಬಂದ್ರೆ ನಿಂದು. ಬರದಿದ್ರೆ ನಂದು, ಮತ್ತೆ ಅದರ ಸುದ್ದಿ ತೆಗೀಬೇಡ."

"ಆಯ್ತು" ಅಂದೆ. ಕೋಳಿಯನ್ನು ಓಡಿಸಿದೆ. ಅದು ನನ್ನ ಕೈ ಕುಕ್ಕಿತು.

ಕಾರವಾರದ ಹಬ್ಬುವಾಡದಲ್ಲಿ ನಾನು, ಆಯಿ ಇಬ್ಬರೇ ಬಾಡಿಗೆ ಮನೆಯಲ್ಲಿರುವುದು. ನನ್ನ ಕೆಲಸ ಪೇಟೆಯ ಒಂದು ಕಚೇರಿಯಲ್ಲಿ; ಅದು ಸಿಕ್ಕಾಗಿನಿಂದ ಆಯಿ ನನ್ನ ಜೊತೆ, ಅಪ್ಪ ಕೊನೆತನಕ ಅಣ್ಣನ ಜೊತೆ. ಟೆಂಪೋದಿಂದ ಬೈಕು ಇಳಿಸಿದಾಗ ಟಾರ್ಪಾಲು ಜಾರಿ, ಒಂದು ವಾಸನೆ ಓಣಿಯುದ್ದಕ್ಕೂ ಹರಡಿತು. ಮೂಗು ಮುಚ್ಚಿಕೊಂಡು ಮುಟ್ಟಿ ನೋಡಿದೆ. ಚೌಕಟ್ಟು, ಎಂಜಿನ್ನು, ಚಕ್ರದ ಕಡ್ಡಿ, ಎಲ್ಲಕ್ಕೂ ಕಂದು ಬಣ್ಣದ ಅಂಟು ಪದರಪದರವಾಗಿ ಕೂತಿತ್ತು. ತಾರ್ಲೆ ಮೀನು ಬೇಯಿಸಿ ತೆಗೆದ ಎಣ್ಣೆ. ಮಳೆಗಾಲಕ್ಕೆ ಮುಂಚೆ ದೋಣಿ ದಡಕ್ಕೆಳೆದು ಮರಕ್ಕೆ ಬಳಿಯುತ್ತಾರಲ್ಲ, ಅದೇ. ಅದನ್ನು ಅಣ್ಣ ಕಬ್ಬಿಣಕ್ಕೆ ಬಳಿದಿದ್ದ. ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ಅವನು ಎಲ್ಲ ಕೇಳಿಸಿಕೊಂಡು, "ಓಡಿಸ್ಕಂಡು ಬಾ, ಮತ್ತೆ ಮಾತಾಡ್ವ" ಎಂದು ಫೋನಿಟ್ಟ.

ಓಣಿಯ ತುದಿಯ ಗ್ಯಾರೇಜಿನವನು ಒಂದು ಸುತ್ತು ಹಾಕಿ ನೋಡಿದ. "ಅಕ್ಕೋರೆ, ಗುಜರಿಗೆ ಹಾಕಿ. ಇಲ್ಲಾಂದ್ರೆ ಬೆಕ್ಕಿಗೆ ಹಾಕಿ" ಅಂದ. ಎಂಜಿನ್ನು ಬಿಚ್ಚಿ ಕಟ್ಟಲು ಗೊಣಗುತ್ತಲೇ ಒಪ್ಪಿದ. ಎಣ್ಣೆ ಇರುವ ಕಡೆ ಮಾತ್ರ ಕೈ ಹಾಕುವುದಿಲ್ಲ ಎಂದ. ಹಾಗಾಗಿ ರಜೆ ಇದ್ದ ದಿನವೆಲ್ಲ ನಾನೇ ಅಂಗಳದಲ್ಲಿ ಕೂತು, ಹಳೆಯ ಸೀರೆ ಹರಿದು, ಡೀಸೆಲ್‌ನಲ್ಲಿ ಅದ್ದಿ ಉಜ್ಜಿದೆ. ಪ್ರತಿ ಸಲ ಉಜ್ಜಿದಾಗಲೂ ಅಣ್ಣನಿಗೊಂದು ಬೈಗುಳ. ಆಯಿ ಒಳಗಿನಿಂದ, "ಅವ್ನೂ ನನ್ನ ಹೊಟ್ಟೇಲೇ ಹುಟ್ಟಿದ್ದು, ಸ್ವಲ್ಪ ಸಣ್ಣಕೆ ಬಯ್ಯಿ" ಎನ್ನುತ್ತಿದ್ದಳು. ಟ್ಯಾಂಕಿನ ಒಳಗೆ ತುಕ್ಕು ಉದುರುತ್ತಿತ್ತು. ಹೊರಗೆ ಮಾತ್ರ, ಅಂಟು ಕಿತ್ತು ಬಂದಲ್ಲೆಲ್ಲ, ಕಬ್ಬಿಣ ಹೊಸದರ ಹಾಗೆ ಹೊಳೆಯುತ್ತಿತ್ತು. ಸಮುದ್ರದ ಗಾಳಿಗೆ ಗೇಟಿನ ಚಿಲಕವೂ ವರ್ಷದೊಳಗೆ ಪುಡಿಯಾಗುವ ಊರಿದು. ಹಳೇ ಕಾಲದ ಕಬ್ಬಿಣವೆಂದರೆ ಹೀಗೆ ಎಂದುಕೊಂಡೆ. ಬೆರಳು ಹೋಗದ ಸಂದಿಗಳಲ್ಲಿ, ಎಂಜಿನ್ನಿನ ಏಣುಗಳ ನಡುವೆ, ಸೀಟಿನ ಅಡಿಯಲ್ಲಿ ಎಣ್ಣೆ ಹಾಗೇ ಉಳಿಯಿತು.

ಓಡಿಸಲು ಕಲಿಯುವುದು ಇನ್ನೊಂದು ಯುದ್ಧ. ಹಳೆಯ ಬೈಕು, ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಗ್ಯಾರೇಜಿನವನಿಗೇ ಅದು ತಲೆಕೆಳಗು. ಹೇಳಿಕೊಡುವಾಗ ಅವನು "ಬ್ರೇಕು, ಬ್ರೇಕು" ಎಂದು ತನ್ನ ಬಲಗಾಲು ನೆಲಕ್ಕೆ ಬಡಿಯುತ್ತಿದ್ದ, ನಾನು ಅದನ್ನು ನೋಡಿ ಗೇರು ಹಾಕುತ್ತಿದ್ದೆ. ಅದಕ್ಕಿಂತ ಕೆಟ್ಟದ್ದು ಕೈ. ಇಷ್ಟು ವರ್ಷ ಸ್ಕೂಟಿಯ ಎಡಗೈ ಬ್ರೇಕು ಹಿಡಿದವಳು ನಾನು. ಬೈಕಿನಲ್ಲಿ ಎಡಗೈಗಿರುವುದು ಕ್ಲಚ್ಚು. ಇಳಿಜಾರಿನಲ್ಲಿ ಹೆದರಿ ಅದನ್ನು ಅವುಚಿ ಹಿಡಿದೆ. ಬೈಕು ನಿಲ್ಲುವ ಬದಲು ಸಲೀಸಾಗಿ ಓಡಿ, ಪಕ್ಕದ ಮನೆಯವರು ಒಣಗಲು ಹಾಕಿದ್ದ ಬಾಂಗಡೆ ಮೀನಿನ ಮೇಲೆ ಹತ್ತಿ, ನನ್ನನ್ನು ಗಟಾರಕ್ಕೆ ಕೆಡವಿತು. ಆ ಮನೆಯಾಕೆ ನನ್ನನ್ನು ಎತ್ತಲಿಲ್ಲ. ಮೀನು ಎತ್ತಿದಳು.

ಕಿಕ್ ಹೊಡೆದರೆ ಅದು ತಿರುಗಿ ಹೊಡೆಯುತ್ತಿತ್ತು. ನನ್ನ ಮೊಣಕಾಲ ಕೆಳಗೆ ಇವತ್ತಿಗೂ ಅದರ ಗುರುತಿದೆ. ಆ ಬೈಕನ್ನು ನಾನು ಪ್ರೀತಿಸಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದೂ ಅಣ್ಣನ ಪಕ್ಷವೇ ಎಂದು ನನಗೆ ಅನುಮಾನವಿತ್ತು. ನಾನು ಬಿದ್ದ ಸುದ್ದಿ ಹೇಗೋ ಬಾಳೆಗುಳಿಗೆ ಮುಟ್ಟಿ, ಅವನು ಆಯಿಗೆ ಫೋನು ಮಾಡಿದ. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಅವ್ಳಿಗೆ ಸಾಕು ಅನ್ನು." ಫೋನು ಸ್ಪೀಕರಿನಲ್ಲಿತ್ತು. ಅವತ್ತು ಕೈಗೆ ಬ್ಯಾಂಡೇಜು ಸುತ್ತಿಕೊಂಡೇ ಮತ್ತೆ ಬೈಕು ಹತ್ತಿದೆ.

ವರ್ಷಾಂತದ ದಿನ ಮೇ ತಿಂಗಳ ಬಿಸಿಲು. ಆಯಿ ಹಿಂದಿನ ದಿನವೇ ಬಸ್ಸಿನಲ್ಲಿ ಹೋಗಿದ್ದಳು. ನಾನು ಬೆಳಿಗ್ಗೆ ಹೊರಟೆ. ಹೆದ್ದಾರಿಯಲ್ಲಿ ಲಾರಿಗಳು ಕಿವಿಯ ಪಕ್ಕದಲ್ಲೇ ಹಾರ್ನು ಹಾಕಿದವು. ಚೆಂಡಿಯಾದಲ್ಲಿ ಉದ್ದಕ್ಕೂ ಕಾಂಪೌಂಡು ಗೋಡೆ. ಅದರ ಆಚೆ ಎಲ್ಲೋ ನಮ್ಮ ಮನೆಯಿದ್ದ ಜಾಗ. ತಿರುಗಿ ನೋಡಲು ಹೆದರಿಕೆ, ನೋಡಿದರೆ ಬೀಳುತ್ತಿದ್ದೆ. ಅವರ್ಸಾ ದಾಟುವಾಗ ಎಂಜಿನ್ನು ಕಾದು, ಸಂದಿಯಲ್ಲಿದ್ದ ಎಣ್ಣೆ ಹೊಗೆಯಾಡಿ, ತಾರ್ಲೆ ಸುಟ್ಟ ವಾಸನೆ ಎದ್ದಿತು. ಅಂಕೋಲೆಯ ನಾಯಿಗಳೆಲ್ಲ ಬೆನ್ನು ಹತ್ತಿದವು. ಬಾಳೆಗುಳಿಯಲ್ಲಿ ಅಣ್ಣನ ಅಂಗಳಕ್ಕೆ ನುಗ್ಗಿ, ಅವನ ತುಳಸಿಕಟ್ಟೆಗೆ ಒಂದು ಗೇಣು ಬಿಟ್ಟು ನಿಲ್ಲಿಸಿದೆ. ಕಾಲು ಊರಿ ಅವನ ಮುಖ ನೋಡಿದೆ.

ಎಲ್ಲರೂ ಕಾಂಪೌಂಡಿನ ಹತ್ತಿರ ಕೈಮುಗಿದು ನಿಂತಿದ್ದರು. ಗೋಡೆಯ ಮೇಲೆ ಬಾಳೆಲೆಯಲ್ಲಿ ಅಪ್ಪನ ಎಡೆ: ಅನ್ನ, ಮೀನಿನ ಸಾರು, ಹುರಿದ ಬಾಂಗಡೆ. ಕಾಗೆ ಮುಟ್ಟಿದ ಮೇಲೆಯೇ ಮನೆಯವರ ಊಟ. ಕಾಗೆ ಬಂದಿರಲಿಲ್ಲ. ಬಾರದಿದ್ದರೆ ಸತ್ತವರ ಆಸೆ ಏನೋ ಉಳಿದಿದೆ ಎನ್ನುತ್ತಾರೆ, ಅದನ್ನು ತೀರಿಸುತ್ತೇವೆಂದು ಗಟ್ಟಿಯಾಗಿ ಮಾತು ಕೊಡಬೇಕು. ಅಣ್ಣ ಆಯಿಯನ್ನು ನೋಡಿಕೊಳ್ಳುತ್ತೇನೆ ಎಂದ. ಮಾಡಿನ ಹಂಚು ಬದಲಿಸುತ್ತೇನೆ ಎಂದ. ಕಾಗೆಗಳು ತೆಂಗಿನ ಗರಿಯ ಮೇಲೆ ಕೂತು ನೋಡಿದವೇ ಹೊರತು ಇಳಿಯಲಿಲ್ಲ.

"ಬೈಕು ನಂಗೇ ಕೊಡ್ತೆ ಅಂತ ಹೇಳು" ಅಂದೆ.

"ನಾ ಹೇಳೂದಿಲ್ಲ. ಬೇಕಾರೆ ಕಾಗೆ ಮುಟ್ಟದ ಅನ್ನ ನೀರಿಗೆ ಬಿಡ್ತೆ."

ಆಯಿ ಅಳಲು ಶುರು ಮಾಡಿದಳು. ಅಷ್ಟರಲ್ಲಿ ಒಂದು ಕಾಗೆ ಇಳಿಯಿತು. ಎಲೆಗಲ್ಲ, ಬೈಕಿನ ಸೀಟಿಗೆ. ಬಗ್ಗಿ, ಸೀಟಿನ ಅಡಿಯಲ್ಲಿ ಬಿಸಿಗೆ ಕರಗಿ ಜಿನುಗುತ್ತಿದ್ದ ಎಣ್ಣೆಯನ್ನು ಕುಕ್ಕಿತು. ಇನ್ನೊಂದು ಬಂತು. ಆಮೇಲೆ ಎರಡೂ ಗೋಡೆಗೆ ಹಾರಿ ಎಲೆಯ ಬಾಂಗಡೆಗೆ ಬಾಯಿ ಹಾಕಿದವು.

"ನಾ ಹಚ್ಚಿದ ಎಣ್ಣೆಗೆ ಬಂತು" ಎಂದ ಅಣ್ಣ.

"ನಾ ತಂದ ಬೈಕಿಗೆ ಬಂತು. ಯಾವ ತಲೆಕೆಟ್ಟವ ಕಬ್ಬಿಣಕ್ಕೆ ತಾರ್ಲೆ ಎಣ್ಣೆ ಹಚ್ತಾನೆ?"

ಅವನ ಮುಖ ಕೆಂಪಾಯಿತು. "ಅಪ್ಪ ಹಚ್ಚು ಅಂದ, ಹಚ್ಚಿದೆ. ಮಳೆಗೆ ಮುಂಚೆ ಎಲ್ರೂ ದೋಣಿಗೆ ಹಚ್ತಿದ್ರು. ಚೆಂಡಿಯಾ ಬಿಟ್ಮೇಲೆ ನಮ್ಮನೇಲಿ ದೋಣಿ ಎಲ್ಲಿತ್ತು? ವರ್ಷಾ ವರ್ಷಾ ಅವ ಡಬ್ಬಿ ಹಿಡ್ಕಂಡು ಕೂರ್ತಿದ್ದ, ನಾ ಹಚ್ತಿದ್ದೆ."

ಹೊಳೆಯುತ್ತಿದ್ದ ಆ ಕಬ್ಬಿಣ ನೆನಪಾಯಿತು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಪ್ರತಿ ಮಳೆಗಾಲಕ್ಕೆ ಮುಂಚೆ ಅವರಿಬ್ಬರೂ ಹಿತ್ತಿಲಲ್ಲಿ ಹೀಗೆ ಕೂತಿರುತ್ತಿದ್ದರು, ನನಗೆ ಯಾರೂ ಹೇಳಿರಲಿಲ್ಲ. ಅಪ್ಪ ಕಾದು ಕೂತು ಹಚ್ಚಿಸಿದ್ದನ್ನು ನಾನು ಡೀಸೆಲ್ ಹಾಕಿ ಉಜ್ಜಿ ಗಟಾರಕ್ಕೆ ಬಿಟ್ಟಿದ್ದೆ.

"ಫೋನಿನಲ್ಲಿ ಹೇಳೂಕೆ ಆಗ್ಲಿಲ್ವಾ ನಿಂಗೆ?"

"ನೀ ಕೇಳ್ಲಿಲ್ಲ. ಬೈದಿ."

ಊಟವಾದ ಮೇಲೆ ಅವನು ಒಳಗಿನಿಂದ ಒಂದು ಡಬ್ಬಿ ತಂದು, ನನ್ನನ್ನು ಕೇಳದೆ, ಕ್ಯಾರಿಯರಿಗೆ ಹಗ್ಗದಲ್ಲಿ ಬಿಗಿದ. "ಬೈಕು ನಿಂದೇ. ಮಳೆ ಬರೂಕೆ ಮುಂಚೆ ಹಚ್ಚು. ಹಚ್ಚದೆ ತುಕ್ಕು ಹಿಡಿಸಿದ್ರೆ ಬಂದು ಎತ್ಕಂಡು ಹೋಗ್ತೆ." ನಾನು ಕಿಕ್ ಹೊಡೆಯುವಾಗ ಬೈಕು ಮತ್ತೆ ಕಾಲಿಗೆ ಹೊಡೆಯಿತು. ಅವನು ನೋಡುತ್ತಾ ನಿಂತನೇ ವಿನಾ ಕೈ ಹಾಕಲಿಲ್ಲ, ನಾನೂ ಕರೆಯಲಿಲ್ಲ.

ಮೊದಲ ಮಳೆ ಬೀಳುವ ಮುಂಚಿನ ಭಾನುವಾರ ಹಚ್ಚಿದೆ. ಆಯಿ ಡಬ್ಬಿ ಹಿಡಿದು ಪಕ್ಕದಲ್ಲಿ ಕೂತಿದ್ದಳು. ಓಣಿಯವರೆಲ್ಲ ಮೂಗು ಮುಚ್ಚಿಕೊಂಡು ಹೋದರು. ಹಚ್ಚಿದೆನೆಂದು ಅಣ್ಣನಿಗೆ ಹೇಳಿಲ್ಲ. ಅವನು ಕೇಳಲಿ.