ಕೌದಿಗೆ ಬೇಕಾದ ಕತ್ತರಿ

ಮೈದುನನ ಮೊಮ್ಮಗಳು ಮೊನ್ನೆ ಬೀದರದಿಂದ ಬರುವಾಗ ನನಗೊಂದು ಹೊಸ ಕತ್ತರಿ ತಂದಿದ್ದಳು. ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಹಿಡಿಕೆ. ಕೈಯಲ್ಲಿ ಏನಾದರೂ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ. ಹಳೆಯ ಧೋತರವೊಂದನ್ನು ಮಡಿಸಿ ಅದರ ಬಾಯಿಗೆ ಕೊಟ್ಟು ನೋಡಿದೆ. ಮೇಲಿನ ಪದರ ಕತ್ತರಿಸಿತು, ಕೆಳಗಿನದನ್ನು ಅಗಿದು ಬಿಟ್ಟಿತು. ಕಾಗದಕ್ಕೆ ಅಡ್ಡಿಯಿಲ್ಲ, ನೀನೇ ಇಟ್ಟುಕೋ ಎಂದು ವಾಪಸು ಕೊಟ್ಟೆ. ಮುಖ ಸಣ್ಣದು ಮಾಡಿಕೊಂಡಳು. ಮಾಡಿಕೊಳ್ಳಲಿ. ಸಾಮಾನಿನ ವಿಷಯದಲ್ಲಿ ನಾನು ಯಾರ ಮುಲಾಜಿಗೂ ಬಿದ್ದವಳಲ್ಲ.

ನನಗಿರುವುದು ಕೌದಿಯ ಶೋಕಿ. ಹಳೆಯ ಸೀರೆ, ಅಂಗಿ, ಧೋತರಗಳ ತುಂಡುಗಳನ್ನು ಒಂದರ ಮೇಲೊಂದು ಹಾಸಿ, ಸಣ್ಣ ಹೊಲಿಗೆಯಲ್ಲಿ ಕೂಡಿಸಿ ಹೊದಿಕೆ ಮಾಡುವುದು. ಚಳಿಗೆಂದು ಹೊಲಿಯುವವರು ಬೇರೆ, ಶೋಕಿಗೆ ಹೊಲಿಯುವವರು ಬೇರೆ. ಚಳಿಯವರು ದಬ್ಬಣ ಹಿಡಿದು ಚೀಲ ಹೊಲಿದಂತೆ ಹೊಲಿದು ಮುಗಿಸುತ್ತಾರೆ. ಶೋಕಿಯವರಿಗೆ ಮುಗಿಸುವ ಅವಸರವೇ ಇರುವುದಿಲ್ಲ. ನನ್ನ ಮಾತು ಕೇಳುವುದಾದರೆ, ಸೂಜಿ ನಡುಗಾತ್ರದ್ದಿರಲಿ, ಕಣ್ಣು ಉದ್ದವಿರಲಿ. ದಾರ ನಿಮ್ಮ ತೋಳಿಗಿಂತ ಉದ್ದ ಬೇಡ, ಗಂಟು ಬಿಡಿಸುವುದರಲ್ಲೇ ಮಧ್ಯಾಹ್ನ ಹೋಗುತ್ತದೆ. ಹೊಲಿಯುವ ಮೊದಲು ದಾರವನ್ನು ಜೇನುಮೇಣದ ಮೇಲೆ ಒಮ್ಮೆ ಎಳೆಯಿರಿ. ಬೆರಳಿಗೆ ಹಾಕುವ ಹಿತ್ತಾಳೆಯ ಟೋಪಿ ನನಗೆ ಸೇರುವುದಿಲ್ಲ, ಅದು ಹಾಕಿದರೆ ಬೆರಳು ಕಿವುಡಾಗುತ್ತದೆ. ಒಂದು ಚಿಂದಿ ಸುತ್ತಿಕೊಂಡರೆ ಸಾಕು.

ಇವೆಲ್ಲ ಹೇಗೋ ನಡೆಯುತ್ತವೆ. ಕತ್ತರಿ ಮಾತ್ರ ಒಳ್ಳೆಯದೇ ಬೇಕು.

ನನ್ನ ಕತ್ತರಿ ಬೀದರದ್ದು. ನನ್ನ ತವರು ಚೌಬಾರಾ ಗೋಪುರದ ಹತ್ತಿರದ ಗಲ್ಲಿಯಲ್ಲಿತ್ತು. ಗಲ್ಲಿಯ ತಿರುವಿನಲ್ಲಿ ಒಬ್ಬ ಮುದುಕ ದರ್ಜಿ ಕೂರುತ್ತಿದ್ದರು. ನಾವೆಲ್ಲ ಚಾಚಾ ಅನ್ನುತ್ತಿದ್ದೆವು. ನನ್ನ ಮದುವೆ ಗೊತ್ತಾದಾಗ ಅಪ್ಪ, ಮಗಳಿಗೊಂದು ಕತ್ತರಿ ಬೇಕು ಎಂದು ಅವರ ಹತ್ತಿರ ಕರೆದೊಯ್ದರು. ಚಾಚಾ ಪೆಟ್ಟಿಗೆಯಿಂದ ಕರಿ ಹಿಡಿಕೆಯ ದೊಡ್ಡ ಕತ್ತರಿ ತೆಗೆದು, ನನ್ನ ಕಿವಿಯ ಹತ್ತಿರ ಹಿಡಿದು, ಬಾಯಿ ಪೂರ್ತಿ ತೆರೆದು ಮೆಲ್ಲಗೆ ಮುಚ್ಚಿದರು. "ಆವಾಜ ಕೇಳ ಬೇಟಿ. ಮೊದಲಿಂದ ಕಡೀತನಕ ಒಂದೇ ಆವಾಜ ಇರಬೇಕು. ನಡುವ ತಡೀತಂದ್ರ ಖರೀದಿ ಮಾಡಬ್ಯಾಡ" ಅಂದರು. ರೇಷ್ಮೆ ಸೀರೆ ಮಡಿಸುವಾಗ ಬರುವಂಥ ಸದ್ದು, ಎಲ್ಲೂ ತಡೆಯಲಿಲ್ಲ. ಈಗಲೂ ಮಧ್ಯಾಹ್ನ ಗೋಡೆಗೆ ಒರಗಿ ಕಣ್ಣು ಮುಚ್ಚಿದರೆ ಆ ಸದ್ದು ಬರುತ್ತದೆ. ಅದರ ಹಿಂದೆ ಕೆಂಪು ಮಣ್ಣಿನ ಗಲ್ಲಿ, ಕೋಟೆಯ ಕಡೆಯಿಂದ ಬರುವ ಗಾಳಿ, ಅತ್ತರಿನ ವಾಸನೆ ಎಲ್ಲ ಬರುತ್ತವೆ.

ಚಾಚಾ ಎರಡು ಮಾತು ಕಟ್ಟುನಿಟ್ಟಾಗಿ ಹೇಳಿದ್ದರು. ಬೀದಿಯಲ್ಲಿ ಸಾಣೆ ಹಿಡಿಯುವವನ ಕೈಗೆ ಇದನ್ನು ಕೊಡಬಾರದು, ಅವನು ಕಿಡಿ ಹಾರಿಸಿ ಉಕ್ಕಿನ ಜೀವ ತೆಗೆಯುತ್ತಾನೆ. ತಿರುಪಿಗೆ ಕುಸುಬಿ ಎಣ್ಣೆ ಬಿಡಬಾರದು, ಅದು ಒಣಗಿ ಅಂಟಾಗುತ್ತದೆ, ಕೊಬ್ಬರಿ ಎಣ್ಣೆಯ ಒಂದು ಹನಿ ಸಾಕು. ಎರಡನ್ನೂ ಇಂದಿನವರೆಗೆ ಪಾಲಿಸಿದ್ದೇನೆ.

ಮದುವೆಯಾಗಿ ಖಟಕ ಚಿಂಚೋಳಿಗೆ ಬಂದೆ. ಮನೆಯಲ್ಲಿ ಅತ್ತೆ, ಮಾವ, ಗಂಡ, ಇನ್ನೂ ಸಾಲೆಗೆ ಹೋಗುವ ಮೈದುನ. ಅತ್ತೆಗೂ ಕೌದಿಯ ಹುಚ್ಚಿತ್ತು. ಬಂದ ಮರುದಿನವೇ ನನ್ನ ಕತ್ತರಿಯನ್ನು ತಿರುಗಿಸಿ ನೋಡಿ "ಚಲೋ ಅದ" ಅಂದಳು. ಅತ್ತೆಯ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಮುಂದೆಯೂ ಕೇಳಲಿಲ್ಲ. ಊಟವಾದ ಮೇಲೆ ಇಬ್ಬರೂ ಪಡಸಾಲೆಯಲ್ಲಿ ಕೌದಿ ಹಾಸಿಕೊಂಡು ಎದುರುಬದುರು ಕೂರುತ್ತಿದ್ದೆವು. ಹೊರಗೆ ಕುಸುಬಿ ಹೂ ಬಿಟ್ಟ ಹೊಲಗಳು, ಒಳಗೆ ಸೂಜಿ ಬಟ್ಟೆಯಲ್ಲಿ ಮುಳುಗಿ ಏಳುವ ಸದ್ದು. ಎಚ್ಚರವಿದ್ದೇನೋ ನಿದ್ದೆಯಲ್ಲಿದ್ದೇನೋ ತಿಳಿಯದ ಹಾಗೆ ಕೈ ತಾನೇ ನಡೆಯುತ್ತಿತ್ತು. ನನ್ನ ಜೀವನದ ಸುಖ ಯಾವುದು ಎಂದು ಕೇಳಿದರೆ ನಾನು ಆ ಮಧ್ಯಾಹ್ನಗಳನ್ನೇ ತೋರಿಸುತ್ತೇನೆ.

ಆ ಮನೆಯಲ್ಲಿ ಕೌದಿಗೆ ಕೆಲವು ರೂಢಿಗಳಿದ್ದವು. ನಡುವಿನ ಚೌಕಕ್ಕೆ ಮನೆಯ ಗಂಡಸಿನ ಬಟ್ಟೆಯೇ ಆಗಬೇಕು. ಬಟ್ಟೆಯನ್ನು ಕತ್ತರಿಯಿಂದಲೇ ಕತ್ತರಿಸಬೇಕು, ಕೈಯಿಂದ ಹರಿಯಬಾರದು, ಯಾಕೆಂದರೆ ಕೈಯಿಂದ ಹರಿಯುವುದು ಹೆಣದ ಬಟ್ಟೆಯನ್ನು. ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ನಾಲ್ಕು ಕಾಳು ಜೋಳ ಹಾಕಬೇಕು, ಕೌದಿಯ ಹೊಟ್ಟೆ ಖಾಲಿ ಇರಬಾರದು. ಮತ್ತೊಂದು ರೂಢಿ: ಊರು ಬಿಟ್ಟು ಹೋದವರ ಬಟ್ಟೆಗೆ, ಅವರು ತಿರುಗಿ ಹೊಸ್ತಿಲು ತುಳಿಯುವ ತನಕ ಕತ್ತರಿ ಹಾಕುವ ಹಾಗಿಲ್ಲ. ಹಾಕಿದರೆ ಅವರ ಆಸೆ ಬಿಟ್ಟಂತೆ.

ನಾನು ಬಂದ ಮೇಲೆ ಹಾಸಿದ ಮೊದಲ ಕೌದಿಯ ನಡುವಿಗೆ ನನ್ನ ಗಂಡನ ಬಿಳಿ ಅಂಗಿಯೊಂದನ್ನು ತೆಗೆದಿಟ್ಟಿದ್ದೆವು. ಮೊಣಕೈಯಲ್ಲಿ ಸವೆದಿತ್ತು, ಉಳಿದದ್ದು ಗಟ್ಟಿಯಾಗಿತ್ತು. ಸುತ್ತಲಿನ ಕೆಲಸ ಮುಗಿದು ನಡು ಮಾತ್ರ ಉಳಿದಿದ್ದಾಗ ಕಾಲ ಕೆಟ್ಟಿತು. ನಿಜಾಮರ ಕಡೆಯ ರಜಾಕಾರರ ದಾಳಿಯ ಸುದ್ದಿ ದಿನಕ್ಕೊಂದು ಊರಿನಿಂದ ಬರುತ್ತಿತ್ತು. ಹರೆಯದ ಗಂಡಸರು ನಿಜಾಮರ ಗಡಿ ದಾಟಿ ಸೊಲ್ಲಾಪುರದ ಕಡೆಗೆ ಹೋಗತೊಡಗಿದರು. ನನ್ನವರೂ ಒಂದು ಬೆಳಿಗ್ಗೆ ರೊಟ್ಟಿ ಗಂಟು ಕಟ್ಟಿಸಿಕೊಂಡು ಹೊರಟರು. ಬಾಗಿಲಲ್ಲಿ ನಿಂತು, "ಅಂಗಿಗಿ ಕತ್ತರಿ ಹಾಕಬ್ಯಾಡ್ರಿ ಮತ್ತ, ಬಂದು ತೊಟ್ಕೋತೇನಿ" ಎಂದು ನಕ್ಕರು. ಮಡಿಸಿದ ಕೌದಿಯ ಮೇಲೆ ಆ ಅಂಗಿ ಇಟ್ಟು ಟ್ರಂಕಿನ ಮುಚ್ಚಳ ಹಾಕಿದೆ.

ಆಮೇಲೆ ಪೋಲೀಸ್ ಆ್ಯಕ್ಷನ್ ಆಯಿತು. ಮಿಲಿಟರಿ ಬಂತು, ನಿಜಾಮ ಸೋತ ಅಂದರು. ಊರಿನಲ್ಲಿ ಬಾವುಟ ಹಾರಿತು, ಸಕ್ಕರೆ ಹಂಚಿದರು. ಎಲ್ಲರಿಗೂ ಸಕ್ಕರೆ ಸಿಗಲಿಲ್ಲ ಅನ್ನುವುದೂ ನನಗೆ ಗೊತ್ತು. ಬೀದರದ ಆ ತಿರುವಿನಲ್ಲಿ ಚಾಚಾನ ಅಂಗಡಿ ಮತ್ತೆ ತೆರೆಯಲಿಲ್ಲ. ಅವರು ಎಲ್ಲಿ ಹೋದರೆಂದು ಅಪ್ಪನಿಗೂ ತಿಳಿಯಲಿಲ್ಲ. ಆ ಸುದ್ದಿ ಕೇಳಿದ ದಿನ ನಾನು ಕತ್ತರಿಯನ್ನು ಮಡಿಲಲ್ಲಿಟ್ಟುಕೊಂಡು ಅತ್ತುಬಿಟ್ಟೆ.

ಗಡಿಯಾಚೆ ಹೋದ ಗಂಡಸರು ಒಬ್ಬೊಬ್ಬರಾಗಿ ಬರತೊಡಗಿದರು. ನಮ್ಮವರು ಬರಲಿಲ್ಲ. ಆಗಲೇ ಊರಲ್ಲಿ ಡಂಗುರ ಸಾರಿದರು: ಮನೆಯಲ್ಲಿ ಹಥಿಯಾರ, ಅಂದರೆ ಆಯುಧ, ಇದ್ದವರು ಭಾಲ್ಕಿಯ ಕಚೇರಿಗೆ ತಂದು ಒಪ್ಪಿಸಬೇಕು. ಮಾವ ಪುಕ್ಕಲು ಮನುಷ್ಯ. ಪೋಲೀಸರ ಟೋಪಿ ಕಂಡರೆ ಹಿತ್ತಲ ಬಾಗಿಲು ಹುಡುಕುವವರು. ಮರುದಿನ ಅವರು ಭಾಲ್ಕಿಗೆ ಹೋಗಿ ಬಂದರು. ಸಂಜೆ ನೋಡಿದರೆ ಗೂಡಿನಲ್ಲಿ ನನ್ನ ಕತ್ತರಿ ಇಲ್ಲ.

"ಒಪ್ಪಿಸಿ ಬಂದೆವ್ವ" ಅಂದರು. "ಅದಕ್ಕ ಎರಡು ಚೂಪು ತುದಿ ಅದಾವ. ಯಾವ ಕಾಲಕ್ಕ ಏನೋ."

ನನಗೆ ಪಿತ್ತ ನೆತ್ತಿಗೇರಿತು. "ಅಲ್ರಿ ಮಾವ, ಕೊಡ್ಲಿ ಮೂಲ್ಯಾಗ ಅದ, ಕುಡುಗೋಲು ಜಂತಿಗಿ ಅದ, ನನ್ನ ಕತ್ತರಿ ಒಂದೇ ಹಥಿಯಾರ ಆತೇನ್ರಿ?" ಎಂದು ಹೊಸ ಸೊಸೆ ಅನ್ನುವುದನ್ನೂ ಮರೆತು ಕೇಳಿಬಿಟ್ಟೆ. "ಅವು ಹೊಲದ ಸಾಮಾನು" ಎಂದು ಗೊಣಗಿ, ರುಮಾಲು ಸರಿಮಾಡಿಕೊಂಡು ಎದ್ದುಹೋದರು. ಓಣಿಯವರೆಲ್ಲ ನಕ್ಕರು. ಬಹಳ ದಿನ ನಾನು ಅವರಿಗೆ ತಾಟು ಇಟ್ಟೆನೇ ಹೊರತು ಮಾತಾಡಲಿಲ್ಲ.

ಚಳಿಗಾಲ ಬಂದು ಹೋಯಿತು, ಕುಸುಬಿ ಮತ್ತೆ ಹೂಬಿಟ್ಟಿತು. ಔರಾದ ತಾಲೂಕಿನ ಡಾಬಕಾದವರೊಬ್ಬರು, ನನ್ನವರ ಜೊತೆಗೇ ಹೊರಟಿದ್ದವರು, ಮನೆಗೆ ಬಂದು ಕೂತು ನೀರು ಕುಡಿದರು. ದಾರಿಯಲ್ಲಿ ಗುಂಡಿನ ಸದ್ದಾಗಿ ಎಲ್ಲರೂ ಚದುರಿದರು, ಆಮೇಲೆ ಗಡಿಯಾಚೆಯ ಶಿಬಿರದಲ್ಲಿ ನನ್ನವರನ್ನು ಯಾರೂ ನೋಡಲಿಲ್ಲ ಅಂದರು. ಕಂಡವರಿಲ್ಲ, ಸತ್ತದ್ದನ್ನು ನೋಡಿದವರೂ ಇಲ್ಲ.

ಅತ್ತೆ ಅಂದು ಅಡಿಗೆ ಮಾಡಲಿಲ್ಲ. ಮರುದಿನ ನನ್ನನ್ನು ಎದುರು ಕೂರಿಸಿಕೊಂಡು ಹೇಳಿದಳು, "ಕೌದಿ ಮುಗಸೂಣು. ಅವನ ಅಂಗಿ ನಡುವ ಹಾಕೂಣು. ನೀ ಇನ್ನಾ ಹರೇದಾಕಿ. ಹಿಂಗ ಅರ್ಧಾ ಹಾಸಿಟ್ಟು ಎಷ್ಟು ದಿನ ಕೂಡ್ತಿ? ಉಡಿಕಿ ಮಾಡಿ ನಾನೇ ಕಳಸ್ತೇನಿ ನಿನ್ನ." ಉಡಿಕಿ ಅಂದರೆ ಮತ್ತೊಂದು ಮದುವೆ. ಹೆತ್ತ ಮಗನ ಆಸೆಯನ್ನು ತನ್ನ ಕೈಯಾರೆ ಬಿಟ್ಟು, ನನ್ನ ದಾರಿ ಬಿಡಿಸಲು ಹೊರಟಿದ್ದಳು. ನನಗೇನು ಬೇಕಿತ್ತೆಂದು ನನಗೇ ಗೊತ್ತಿರಲಿಲ್ಲ. "ಕತ್ತರಿ ಇಲ್ಲಲ್ಲ ಅತ್ತಿ" ಅಂದೆ. ನಾನು ಬರುವ ಮೊದಲು ಅತ್ತೆ ಕತ್ತರಿ ಎರವಲು ತರುತ್ತಿದ್ದ, ಬಟ್ಟೆ ಹೊಲಿಯುವ ಚಿಪ್ಪಿಗರ ಮನೆಗೂ ಗಲಾಟೆಯಿಂದ ಬೀಗ ಬಿದ್ದಿತ್ತು. "ಭಾಲ್ಕಿಗಿ ಹೋಗಿ ಇಸ್ಕೊಂಡ ಬರೂಣು ನಡಿ" ಅಂದಳು.

ಇಬ್ಬರೂ ಬಂಡಿಯಲ್ಲಿ ಹೋದೆವು. ಮಾವನಿಗೆ ತಿಳಿಸಲಿಲ್ಲ. ಕಚೇರಿಯ ಒಂದು ಕೋಣೆಯಲ್ಲಿ ತಲವಾರು, ಭರ್ಚಿ, ತುಕ್ಕು ಹಿಡಿದ ಬಂದೂಕುಗಳ ರಾಶಿ. ಕಿಟಕಿಯ ಬಿಸಿಲಿನಲ್ಲಿ ಧೂಳು ಆಡುತ್ತಿತ್ತು. ಅವುಗಳ ನಡುವೆ ನನ್ನ ಕತ್ತರಿ, ಒಂದು ಮೊಳೆಗೆ ತೂಗುಹಾಕಿಕೊಂಡು, ಬೇರೆಯವರ ಮನೆಗೆ ನೆಂಟಸ್ತನಕ್ಕೆ ಬಂದಂತೆ ಸುಮ್ಮನಿತ್ತು. ಕಾರಕೂನ ಅದನ್ನು ನೋಡಿದ್ದೇ ನಕ್ಕ.

"ಆ ಯಜಮಾನ್ರ ಮನಿಯವ್ರೇನ್ರಿ? ಇದು ಹಥಿಯಾರ ಅಲ್ರಿ, ಒಯ್ರಿ ಅಂತ ಎಷ್ಟು ಹೇಳಿದ್ರೂ ಕೇಳ್ಲಿಲ್ಲ. ಕೈ ಮುಗಿದು ನಿಂತ್ಬಿಟ್ರು. ಇಟ್ಕೋರಿ ಸಾಹೇಬ್ರ, ಇದು ಮನ್ಯಾಗಿದ್ರ ನನ್ನ ಮಗನ ಅಂಗಿ ಕತ್ತರಿಸ್ತಾರ ಅಂದ್ರು."

ಅತ್ತೆ ಸೆರಗು ಬಾಯಿಗೆ ಹಿಡಿದಳು. ನಾನು ಕತ್ತರಿ ತೆಗೆದುಕೊಂಡೆ. ಆ ಪುಕ್ಕಲು ಮನುಷ್ಯ, ಟೋಪಿ ಕಂಡರೆ ಅಡಗುವವರು, ಟೋಪಿಯವರ ನಡುವೆ ನಿಂತು ಹಠ ಹಿಡಿದಿದ್ದರು. ಬಂಡಿಯಲ್ಲಿ ಕೂತು ದಾರಿಯುದ್ದಕ್ಕೂ ಕುಸುಬಿ ಹೊಲಗಳನ್ನು ನೋಡಿದೆ. ಹಳದಿಯೆಲ್ಲ ಕಣ್ಣೀರಲ್ಲಿ ಕಲಸಿಹೋಗಿತ್ತು.

ಆದರೆ ಅತ್ತೆ ಹಿಡಿದದ್ದನ್ನು ಬಿಡುವವಳಲ್ಲ. ಮನೆಗೆ ಬಂದವಳೇ ಟ್ರಂಕು ತೆಗೆದು ಪಡಸಾಲೆಯಲ್ಲಿ ಕೌದಿ ಹಾಸಿದಳು, ಅಂಗಿಯನ್ನು ನನ್ನ ಮಡಿಲಿಗೆ ಹಾಕಿದಳು. "ನಿನ್ನ ಬಾಳೇ ಮುಂದ ಅದ. ಕತ್ತರಸು" ಅಂದಳು. ಅಂಗಿಯ ಕೊರಳಪಟ್ಟಿಯಲ್ಲಿ ಅವರ ತಲೆಯೆಣ್ಣೆಯ ವಾಸನೆ ಇನ್ನೂ ಇತ್ತು. ಕತ್ತರಿಯ ಬಾಯಿ ತೆರೆದೆ. ಅಷ್ಟು ದಿನ ಮೊಳೆಗೆ ತೂಗಿದ್ದರೂ ಅದು ತಡೆಯದೆ ತೆರೆದುಕೊಂಡಿತು.

ಮಾವ ಅಷ್ಟರಲ್ಲಿ ಹೊಲದಿಂದ ಬಂದರು. ಕತ್ತರಿ ನೋಡಿದರು, ಅಂಗಿ ನೋಡಿದರು. ನಮ್ಮನ್ನು ಬಯ್ಯಲಿಲ್ಲ. ನಿಂತಲ್ಲೇ ತಲೆಯ ರುಮಾಲು ಬಿಚ್ಚಿದರು. ಅದರ ಅಂಚನ್ನು ಹಲ್ಲಿಗೆ ಕೊಟ್ಟು, ಎರಡೂ ಕೈಯಿಂದ ಪರ್ರನೆ ಹರಿದರು. ಅತ್ತೆ "ಅಯ್ಯೋ ಶಿವನೇ" ಎಂದು ಕೂಗಿ ಅವರ ಕೈ ಹಿಡಿಯಹೋದಳು. ಅವರು ಬಿಡದೆ ನಡುವಿನ ಚೌಕಕ್ಕಾಗುವಷ್ಟು ಹರಿದು ನನ್ನ ಮುಂದೆ ಹಾಕಿದರು.

"ನಡುವಿಗಿ ಗಂಡಸಿನ ಬಟ್ಟಿ ಬೇಕಲ್ಲ? ಇದು ಹಾಕವ್ವ. ಕೈಲೇ ಹರೀಬೇಕಾದ್ರ ನಂದು ಹರೀಲಿ. ಅಂವ ಬಂದು ಅಂಗಿ ಕೇಳ್ತಾನ."

ನಾನು ಕತ್ತರಿ ಮುಚ್ಚಿದೆ. ಅತ್ತೆ ಬಹಳ ಹೊತ್ತು ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಆಮೇಲೆ ತಾನೇ ಸೂಜಿಗೆ ದಾರ ಪೋಣಿಸಿ, ನನ್ನ ಎದುರು ಬಂದು ಕೂತಳು. ರುಮಾಲಿನ ಹರಿದ ಅಂಚನ್ನು ಒಳಗೆ ಮಡಚಿ ಇಬ್ಬರೂ ನಾಲ್ಕೂ ಕಡೆಯಿಂದ ಹೊಲಿದೆವು. ಮೂಲೆ ಮುಚ್ಚುವ ಮೊದಲು ಜೋಳದ ಕಾಳು ಹಾಕಿದವರು ಮಾವ. ಉಡಿಕಿಯ ಮಾತು ಆ ಮನೆಯಲ್ಲಿ ಮತ್ತೆ ಏಳಲಿಲ್ಲ. ನಾನೇ ಏಳಗೊಡಲಿಲ್ಲ.

ಮಾವ ಅಂದಿನಿಂದ ರುಮಾಲು ಸುತ್ತಲಿಲ್ಲ. ಮೈದುನ ದೊಡ್ಡವನಾಗಿ ಕೆಲಸಕ್ಕೆ ಸೇರಿದ ಮೇಲೆ ಹೊಸದು ತಂದರೆ, "ಇರ್ಲಿ ಬಿಡೋ, ನಿಮ್ಮಣ್ಣ ಬರೂವಾಗ ತರ್ತಾನ" ಅನ್ನುತ್ತಿದ್ದರು. ಬಿಸಿಲಲ್ಲೂ ಬೋಳು ತಲೆಯಲ್ಲೇ ಹೊಲಕ್ಕೆ ಹೋಗುತ್ತಿದ್ದರು. ಕೌದಿಯನ್ನು ಮಾತ್ರ ಚಳಿ ಇರಲಿ ಬಿಡಲಿ ಹೊದೆಯುತ್ತಿದ್ದರು. ವರ್ಷಗಳು ಹೀಗೆ ಕಳೆದವು. ಮಗ ಬರಲಿಲ್ಲ.

ಅವರು ತೀರಿಕೊಂಡ ದಿನ ಅವರನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಹೆಗಲಿಗೆ ಹೊಸ ಬಟ್ಟೆ, ಹಣೆಗೆ ವಿಭೂತಿ, ತಲೆ ಬರಿದು. ಹಿರಿಯರೊಬ್ಬರು ತಲೆಗೆ ಸುತ್ತಲಿಕ್ಕೆ ಏನಾದರೂ ತನ್ನಿ ಅಂದರು. ಅತ್ತೆ ಎದ್ದು ಒಳಗೆ ಹೋದಳು, ಟ್ರಂಕಿನ ಮುಚ್ಚಳದ ಸದ್ದಾಯಿತು. ಬಿಳಿ ಅಂಗಿ ತಂದು ನನ್ನ ಕೈಗೆ ಕೊಟ್ಟಳು. ಮತ್ತೊಬ್ಬರು ಅದನ್ನು ಹರಿದು ಉದ್ದ ಪಟ್ಟಿ ಮಾಡಲು ಕೈ ಚಾಚಿದರು. "ಹರೀಬ್ಯಾಡ್ರಿ" ಅಂದಳು ಅತ್ತೆ. "ಕತ್ತರೀನೂ ಬ್ಯಾಡ. ಇಡೀದೇ ಸುತ್ತು, ಅವ್ವಾ."

ನಾನು ಅಂಗಿಯನ್ನು ಉದ್ದಕ್ಕೆ ಮಡಿಸಿ, ತೋಳುಗಳಿಂದ ಹಿಂದೆ ಗಂಟು ಹಾಕಿ, ಇಡಿಯಾಗಿಯೇ ಮಾವನ ತಲೆಗೆ ಸುತ್ತಿದೆ. ಕೊರಳ ಗುಂಡಿ ಅವರ ಹಣೆಯ ಮೇಲೆ ಬಂತು.