ನಿಮ್ಮ ಗೋಡೆಯ ಬುಡಕ್ಕೆ ಬಿಟ್ಟ ನೀರು

ಗಂಗಕ್ಕಾ, ಪಾಲಬಾವಿಯ ನಿಮ್ಮ ಮನೆ ಕುಸಿದದ್ದು ನಿಮ್ಮ ಮಲ್ಲಿಗೆ ಬಳ್ಳಿಯಿಂದಲ್ಲ. ನಿಮ್ಮ ನೆಗೆಣ್ಣಿಯಾದ ನಾನು ಅದನ್ನು ಕುಸಿಯಗೊಟ್ಟೆ — ಅಲ್ಲ, ಈಗಲೂ ಮಾತು ತಿರುಚುತ್ತಿದ್ದೇನೆ — ನಾನೇ ಕುಸಿಯುವಂತೆ ಮಾಡಿದೆ.

ಎಂಬತ್ತರ ದಶಕದ ಕೊನೆ. ಅಣ್ಣತಮ್ಮಂದಿರು ಬೇರೆಯಾಗಿ, ಒಂದೇ ಮನೆಯ ನಡುವೆ ಗೋಡೆ ಎದ್ದಿತ್ತು. ಪಾಲು ಸಮನಾಗಿಯೇ ಆಗಿತ್ತು, ಆ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅತ್ತೆ ನಿಮ್ಮ ಕಡೆ ಉಳಿದರು. ಬಂದ ಬೀಗರು ನಿಮ್ಮ ಪಡಸಾಲೆಯಲ್ಲೇ ಕೂತರು. ನನ್ನ ಗಂಡ ಕೂಡ ಹೊಲದಿಂದ ಬಂದವರು ಮೊದಲು ನಿಮ್ಮಲ್ಲಿ ಚಹಾ ಕುಡಿದು ಆಮೇಲೆ ನನ್ನ ಹೊಸ್ತಿಲು ದಾಟುತ್ತಿದ್ದರು — ಕಿರಿ ಸೊಸೆ ಅಂದರೆ ಏನು, ಬಾಡಿಗೆಯವಳೇ? ನೀವು ಎಂದೂ ನನಗೆ ಒಂದು ಬಿರುಸು ಮಾತು ಆಡಿದವರಲ್ಲ. ಅದನ್ನೇ ನನಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಜಗಳವಾದರೂ ಆಡಿದ್ದರೆ...

ಆ ದೀಪಾವಳಿಗೆ ನೀವು ಹಿತ್ತಲ ಗೋಡೆಗೂ ಸುಣ್ಣ ಬಳಿದಿರಿ. ಓಣಿಯ ಹೆಂಗಸರೆಲ್ಲ ನೋಡಿ ಹೊಗಳಿ ಹೋದರು. ನನ್ನ ಬಚ್ಚಲು ಆ ಗೋಡೆಗೇ ಹೊಂದಿಕೊಂಡಿತ್ತು. ಮರುದಿನವೇ ಬಚ್ಚಲ ಮೂಲೆಯ ಒಂದು ಕಲ್ಲು ಕಿತ್ತೆ. ಹಿತ್ತಲಿಗೆ ಹರಿಯಬೇಕಾದ ನೀರು ನಿಮ್ಮ ಗೋಡೆಯ ಬುಡಕ್ಕೆ ಇಳಿಯತೊಡಗಿತು. ಸುಣ್ಣ ಉದುರಲಿ ಎಂದಷ್ಟೇ ಬಯಸಿದ್ದೆ. ಆದರೆ ಕೆಳಗೆ ಎರೆಮಣ್ಣು, ನೀರು ಕುಡಿದರೆ ಮೆತ್ತಗಾಗಿ ಕುಸಿಯುವಂಥದು. ಎರಡು ವರ್ಷದಲ್ಲಿ ನಿಮ್ಮ ಬಾಗಿಲು ಮುಚ್ಚದಾಯಿತು, ಗೋಡೆಯ ಬಿರುಕಿನಲ್ಲಿ ಕೈ ತೂರುವಂತಾಯಿತು, ಮೂಲೆಯ ಕಂಬ ಗೇಣು ಕೆಳಗಿಳಿಯಿತು.

ಭಾವ ಮುಗಳಖೋಡದಿಂದ ಒಬ್ಬ ವಯಸ್ಸಾದ ಗೌಂಡಿಯನ್ನು ಕರೆಸಿದರು. ಅವನು ತೊಲೆಗಳ ಕೆಳಗೆ ಜಾಕ್ ಕೊಟ್ಟು, ನೀರು ತುಂಬಿದ ಪೈಪು ಹಿಡಿದು ಮಟ್ಟ ನೋಡುತ್ತ, ದಿನಕ್ಕೆ ಒಂದು ಬೆರಳಿನಷ್ಟೇ ಎತ್ತಿ, ಕೆಳಗೆ ಹೊಸ ಪಾಯ ಕಟ್ಟುತ್ತ ಹೋದ. ಬುಡ ಅಗೆದ ದಿನ ಹಸಿಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಕೇಳಿದ: "ಮಳಿ ಇಲ್ಲ, ಏನಿಲ್ಲ. ಇಷ್ಟ ನೀರ ಎಲ್ಲಿಂದ ಬರಾಕತ್ತೈತ್ರಿ?"

ನಾನು ಅಲ್ಲೇ ಚಹಾ ಹಿಡಿದು ನಿಂತಿದ್ದೆ. ಬಾಯಿ ಬಿಡಬೇಕಿತ್ತು —

ನೀವೇ ಮಾತಾಡಿದಿರಿ. "ನಂದ ತಪ್ಪ್ರಿ. ಗ್ವಾಡಿ ಬುಡದಾಗಿನ ಮಲ್ಲಿಗಿ ಬಳ್ಳಿಗೆ ದಿನಾ ಕೊಡಾ ಕೊಡಾ ನೀರ ಹಾಕೀನಿ."

ಭಾವ ಎಲ್ಲರೆದುರು ನಿಮ್ಮನ್ನು ಬೈದರು. ನೀವು ಬಳ್ಳಿಯನ್ನು ಬುಡಸಹಿತ ಕಿತ್ತುಹಾಕಿದಿರಿ. ನನಗೆ ಸಂಕಟವಾಯಿತು, ನಿಜ. ಆದರೆ ಸುಳ್ಳೇಕೆ ಹೇಳಲಿ, ಖುಷಿಯೂ ಆಯಿತು. ನಿಮ್ಮನ್ನು ಯಾರಾದರೂ ಬೈದದ್ದನ್ನು ನಾನು ಕೇಳಿದ್ದು ಅಂದೇ ಮೊದಲು. ಆ ಸಂಜೆ ಕಲ್ಲನ್ನು ತಿರುಗಿ ಅದರ ಜಾಗದಲ್ಲಿಟ್ಟು ಮಣ್ಣು ಮೆತ್ತಿದೆ. ಮನೆ ಮಟ್ಟಕ್ಕೆ ಬಂತು, ನಿಮ್ಮ ಬಾಗಿಲು ಮುಚ್ಚಿತು. ಇಷ್ಟಕ್ಕೇ ನಿಂತಿದ್ದರೆ ಇದನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಗುತ್ತಿರಲಿಲ್ಲ.

ಕೆಲಸ ನಡೆದ ಹದಿನೈದು ದಿನ ನಿಮ್ಮ ಮನೆಯಲ್ಲಿ ಒಲೆ ಹೊತ್ತಿಸುವಂತಿರಲಿಲ್ಲ; ನಿಮ್ಮವರೆಲ್ಲರ ಊಟ ನನ್ನಲ್ಲೇ. ರೊಟ್ಟಿ ಬಡಿದು ಬಡಿದು ನನ್ನ ರಟ್ಟೆ ಬಿದ್ದುಹೋಗಿತ್ತು. ಕೊನೆಯ ದಿನ ಗೌಂಡಿಗೆಂದು ಹೋಳಿಗೆ ಮಾಡಿದೆ. ಅತ್ತೆ ಒಂದು ತುತ್ತು ಬಾಯಿಗಿಟ್ಟು ಹೇಳಿದರು: "ಚಲೋ ಆಗ್ಯಾವ. ಆದ್ರ ದೊಡ್ಡಾಕಿ ಕೈಯಾನ ಹೋಳಗಿನ ಬ್ಯಾರೆ ಬಿಡ."

ಅಷ್ಟೇ ಮಾತು. ಮರುದಿನ ಆ ಕಲ್ಲನ್ನು ಮತ್ತೆ ಕಿತ್ತೆ. ಈ ಸಲ ಏನಾಗುತ್ತದೆಂದು ಗೊತ್ತಿದ್ದೇ ಕಿತ್ತೆ, ಗಂಗಕ್ಕಾ. ಸುಣ್ಣ ಉದುರಲೆಂದಲ್ಲ.

ಎರಡನೇ ಸಲ ಕುಸಿದಾಗ, ಬಳ್ಳಿಗೆ ಹಾಕಿದ ಹಳೇ ನೀರೇ ಬುಡವನ್ನು ಪೂರ್ತಿ ಕೆಡಿಸಿದೆ ಎಂದು ಗೌಂಡಿ ಕೈಚೆಲ್ಲಿದ. ನಿಮ್ಮ ಭಾಗ ಕೆಡವಿ, ನೀವು ಐಗಳಿಯ ತೋಟಕ್ಕೆ ಹೋದಿರಿ. ಭಾವ ಸಾಯುವವರೆಗೂ "ಹಿರ್ಯಾರ ಕಟ್ಟಿದ ಮನಿ ಈಕಿ ಕೈಲೇ ಹೋತು" ಎನ್ನುತ್ತಿದ್ದರು — ಮದುವೆ ಮನೆಗಳಲ್ಲಿ, ಮಕ್ಕಳ ಎದುರು, ನನ್ನ ಎದುರು. ನೀವು ತಲೆ ತಗ್ಗಿಸುತ್ತಿದ್ದಿರಿ. ನಾನು ಸೆರಗು ಸರಿಮಾಡಿಕೊಂಡು ಬೇರೆಡೆ ನೋಡುತ್ತಿದ್ದೆ. ಅವರಿಗೆ ನಿಜ ತಿಳಿಸುವ ಹೊತ್ತು ಹೋಯಿತು...

ಈ ಸೋಮವಾರ ಐಗಳಿಗೆ ಬರುತ್ತೇನೆ. ನಿಮ್ಮ ಮಕ್ಕಳು, ಸೊಸೆಯರ ಎದುರೇ ಇದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ಕ್ಷಮಿಸಿ ಎಂದು ಮಾತ್ರ ಕೇಳುವುದಿಲ್ಲ. ನೀವು ಕ್ಷಮಿಸಿಬಿಡುತ್ತೀರಿ, ಅದಕ್ಕೂ ಮಂದಿ ನಿಮ್ಮನ್ನೇ ಹೊಗಳುತ್ತಾರೆ, ನನ್ನನ್ನು ನಾನು ಬಲ್ಲೆ — ಆಗಲೂ ನನಗೆ ಹೊಟ್ಟೆ ಉರಿಯುತ್ತದೆ.